ಕಾಂಡೋಮ್ ಹರಿದಿದೆ, ಮೂರು ತಿಂಗಳು ಕಾಯಬೇಕೆ?

ಪ್ರಶ್ನೆ: ನನಗೆ 20 ವರ್ಷ, ನನ್ನ ಗೆಳತಿಗೂ ಅಷ್ಟೇ. ನಿನ್ನೆ ರಾತ್ರಿ ನಾವು ಸೇರಿದ್ದಾಗ ಕಾಂಡೋಮ್ ಹರಿದಿತ್ತು, ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಇಬ್ಬರಿಗೂ ಹಿಂದೆ ಬೇರೆ ಸಂಬಂಧಗಳಿದ್ದವು, ಇಬ್ಬರೂ ಇದುವರೆಗೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಿಲ್ಲ. ಒಬ್ಬ ಗೆಳೆಯನನ್ನು ಕೇಳಿದರೆ, 'ಈಗ ಮಾಡೋಕೆ ಏನೂ ಇಲ್ಲ, ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸು' ಅಂದ. ಆ ಕಾಂಡೋಮ್ ಆರೇಳು ತಿಂಗಳಿಂದ ನನ್ನ ಪರ್ಸಿನಲ್ಲೇ ಇತ್ತು. ಒಣಗಿದ ಹಾಗೆ ಅನಿಸಿದ್ದರಿಂದ ಸ್ವಲ್ಪ ಬಾಡಿ ಲೋಷನ್ ಹಚ್ಚಿದ್ದೆವು. ಈಗ ಏನು ಮಾಡಬೇಕು? ಮುಂದೆ ಹೀಗಾಗದಂತೆ ಹೇಗೆ ನೋಡಿಕೊಳ್ಳುವುದು?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ, ಇನ್ನರ್ಧ ಅಪಾಯಕಾರಿ. ಕೊನೆಯ ಪರೀಕ್ಷೆಗೆ ಮೂರು ತಿಂಗಳು ಬೇಕು ಎನ್ನುವುದು ನಿಜ. 'ಈಗ ಮಾಡೋಕೆ ಏನೂ ಇಲ್ಲ' ಎನ್ನುವುದು ಶುದ್ಧ ತಪ್ಪು. ಎಚ್‌ಐವಿ ದೇಹದಲ್ಲಿ ನೆಲೆಯೂರದಂತೆ ತಡೆಯುವ ಔಷಧಿ ಇದೆ. ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ನಿನ್ನೆ ರಾತ್ರಿ ಆದದ್ದಾದರೆ ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ. ಈ ಉತ್ತರದ ಉಳಿದ ಭಾಗವನ್ನು ದಾರಿಯಲ್ಲಿ ಓದಿಕೊಳ್ಳಿ. ಮೊದಲು ಎಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರಕ್ಕೋ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಹೊರಡಿ. ಸಾಧ್ಯವಾದರೆ ಗೆಳತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವಳು ಬರಬೇಕಾದ ಕಾರಣಗಳು ನಿಮಗಿಂತ ಹೆಚ್ಚಿವೆ, ಅದನ್ನು ಮುಂದೆ ಹೇಳುತ್ತೇನೆ.

ಈ ಔಷಧಿಯನ್ನು ಆಸ್ಪತ್ರೆಗಳಲ್ಲಿ 'ಪೆಪ್' ಎನ್ನುತ್ತಾರೆ. ಈ 72 ಗಂಟೆಯ ಗಡುವು ಎಲ್ಲಿಂದ ಬಂತು ಎಂದು ತಿಳಿದಿದ್ದರೆ, 'ನಾಳೆ ಹೋದರಾಯ್ತು' ಎಂಬ ಯೋಚನೆ ಬರುವುದಿಲ್ಲ. ಲೈಂಗಿಕ ಸಂಪರ್ಕದಲ್ಲಿ ಒಳಸೇರಿದ ವೈರಸ್ ಆ ಕ್ಷಣವೇ ಮೈಯೆಲ್ಲ ಹರಡುವುದಿಲ್ಲ. ಮೊದಲು ಅಲ್ಲಿಯ ಲೋಳೆಪೊರೆಯ ಕೆಲವೇ ಕೆಲವು ಜೀವಕೋಶಗಳಿಗೆ ತಗಲುತ್ತದೆ, ಬಳಿಕ ರೋಗನಿರೋಧಕ ಕೋಶಗಳ ಬೆನ್ನೇರಿ ಹತ್ತಿರದ ದುಗ್ಧರಸ ಗ್ರಂಥಿಗಳನ್ನು (ರೋಗನಿರೋಧಕ ಕೋಶಗಳು ಗುಂಪಾಗಿರುವ ಸಣ್ಣ ಗಂಟುಗಳನ್ನು) ಸೇರುತ್ತದೆ, ಅಲ್ಲಿ ವೃದ್ಧಿಯಾಗಿ ರಕ್ತಕ್ಕೆ ಇಳಿಯುತ್ತದೆ. ಇದಕ್ಕೆಲ್ಲ ಕೆಲವು ದಿನ ಹಿಡಿಯುತ್ತದೆ. ಆ ಸಣ್ಣ ಅವಧಿಯಲ್ಲಿ ಹೊಸ ಕೋಶಗಳಿಗೆ ವೈರಸ್ ನುಗ್ಗದಂತೆ ಬಾಗಿಲು ಹಾಕಿದರೆ, ಮೊದಲು ತಗಲಿದ ಕೋಶಗಳು ಸತ್ತಂತೆ ಸೋಂಕೂ ಅಲ್ಲಿಗೇ ಮುಗಿಯುತ್ತದೆ. ದೀರ್ಘಕಾಲ ಬದುಕುವ ಕೋಶಗಳ ವರ್ಣತಂತುವಿನೊಳಗೆ ವೈರಸ್ ಸೇರಿಕೊಂಡ ಮೇಲೆ ಯಾವ ಮಾತ್ರೆಯೂ ಅದನ್ನು ಹೊರಗೆಳೆಯಲಾರದು.

1990ರ ದಶಕದಲ್ಲಿ ಕೋತಿಗಳ ಮೇಲೆ ಟೆನೊಫೋವಿರ್ ಔಷಧಿಯ ಪ್ರಯೋಗಗಳು ನಡೆದಾಗ ಇದು ಸ್ಪಷ್ಟವಾಗಿ ಕಂಡಿತು. ವೈರಸ್ ಕೊಟ್ಟ 24 ಗಂಟೆಯೊಳಗೆ ಔಷಧಿ ಶುರು ಮಾಡಿ 28 ದಿನ ಕೊಟ್ಟ ಕೋತಿಗಳಿಗೆ ಸೋಂಕು ಆಗಲಿಲ್ಲ. 48 ಅಥವಾ 72 ಗಂಟೆಗೆ ಶುರು ಮಾಡಿದಾಗ, ಇಲ್ಲವೇ ಬರೀ 3 ಅಥವಾ 10 ದಿನ ಕೊಟ್ಟು ನಿಲ್ಲಿಸಿದಾಗ ಕೆಲವಕ್ಕೆ ಸೋಂಕಾಯಿತು. ಎಚ್‌ಐವಿ ಇರುವ ರಕ್ತ ತಾಗಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದ ಆಸ್ಪತ್ರೆ ಸಿಬ್ಬಂದಿಯ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಡೊವುಡಿನ್ ಎಂಬ ಒಂದೇ ಹಳೆಯ ಔಷಧಿ ಸೋಂಕಿನ ಸಾಧ್ಯತೆಯನ್ನು ಸುಮಾರು 81 ಶೇಕಡಾ ಇಳಿಸಿತ್ತು. ಈಗ ಕೊಡುವುದು ಮೂರು ಔಷಧಿಗಳನ್ನು, ಅವು ಇನ್ನೂ ಬಲವಾದವು.

ಆಸ್ಪತ್ರೆಯಲ್ಲಿ ಸುತ್ತುಬಳಸಿ ಮಾತಾಡಬೇಡಿ. 'ನಿನ್ನೆ ರಾತ್ರಿ ಇಷ್ಟು ಗಂಟೆಗೆ ಕಾಂಡೋಮ್ ಹರಿಯಿತು. ಸಂಗಾತಿಯ ಎಚ್‌ಐವಿ ಸ್ಥಿತಿ ಗೊತ್ತಿಲ್ಲ. ಪೆಪ್ ಬೇಕೇ ಎಂದು ಈಗಲೇ ನೋಡಿ' ಎಂದು ನೇರವಾಗಿ ಹೇಳಿ. ಯುವಕರು ಸೋಲುವುದು ಈ ಒಂದು ವಾಕ್ಯದಲ್ಲೇ. ಕೌಂಟರಿನಲ್ಲಿ ನಾಚಿಕೊಂಡು 'ಸುಸ್ತು', 'ಚೆಕಪ್' ಎಂದು ಬರೆಸಿದರೆ ನಿಮ್ಮನ್ನು ಸಾಮಾನ್ಯ ಸಾಲಿನಲ್ಲಿ ಕೂರಿಸುತ್ತಾರೆ, ಗಂಟೆಗಳು ಓಡುತ್ತವೆ. ಮುಂದೆ ನಿಂತವರಿಗೆ ಕೇಳಿಸುತ್ತದೆ ಎಂಬ ಅಳುಕಿದ್ದರೆ ಇದೇ ವಾಕ್ಯವನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿ. ಕೆಲವು ವೈದ್ಯರಿಗೆ ಪೆಪ್ ಎಂದರೆ ಸೂಜಿ ಚುಚ್ಚಿಕೊಂಡ ನರ್ಸುಗಳಿಗೆ ಮಾತ್ರ ಎಂಬ ಕಲ್ಪನೆ ಇರುತ್ತದೆ. ಅಂಥವರು ಸಿಕ್ಕಿದರೆ ವಾದಕ್ಕೆ ನಿಲ್ಲದೆ, ಎಚ್‌ಐವಿ ವಿಭಾಗದ ವೈದ್ಯರನ್ನು ಕಾಣಬೇಕು ಎಂದು ಕೇಳಿ.

ವೈದ್ಯರು ಮೊದಲು ಅಪಾಯದ ಲೆಕ್ಕ ಹಾಕುತ್ತಾರೆ. ನಿಮ್ಮ ತಲೆಯಲ್ಲಿ ಈಗ ಓಡುತ್ತಿರುವ ಭಯಕ್ಕಿಂತ ಆ ಲೆಕ್ಕ ಬಹಳ ಚಿಕ್ಕದು. ಸಂಗಾತಿಗೆ ಎಚ್‌ಐವಿ ಇದ್ದು, ಅವರು ಚಿಕಿತ್ಸೆಯನ್ನೂ ತೆಗೆದುಕೊಳ್ಳುತ್ತಿಲ್ಲ ಎಂದಿಟ್ಟುಕೊಳ್ಳಿ. ಕಾಂಡೋಮ್ ಇಲ್ಲದ ಒಂದು ಸಲದ ಯೋನಿಸಂಭೋಗದಲ್ಲಿ ಗಂಡಿಗೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ ಸುಮಾರು 4, ಹೆಣ್ಣಿಗೆ ಸುಮಾರು 8. ಗುದಸಂಭೋಗದಲ್ಲಿ ಸೇರಿಸುವವರಿಗೆ 11, ಸೇರಿಸಿಕೊಳ್ಳುವವರಿಗೆ 138. ಚುಚ್ಚುಮದ್ದಿನ ಸೂಜಿ ಹಂಚಿಕೊಂಡರೆ 63. ಮುಖಮೈಥುನದಲ್ಲಿ ತೀರಾ ಕಡಿಮೆ. ಇವೆಲ್ಲ ಸರಾಸರಿ. ಇಬ್ಬರಲ್ಲಿ ಯಾರಿಗಾದರೂ ಜನನಾಂಗದ ಹುಣ್ಣು ಅಥವಾ ಬೇರೆ ಲೈಂಗಿಕ ರೋಗ ಇದ್ದರೆ ಅಥವಾ ಸಂಗಾತಿಗೆ ಸೋಂಕು ತಗಲಿ ಕೆಲವೇ ವಾರ ಆಗಿದ್ದರೆ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಹಾಗಾಗಿ ವೈದ್ಯರು ವಿಚಾರಿಸಿ 'ನಿಮ್ಮ ಸಂದರ್ಭದಲ್ಲಿ ಪೆಪ್ ಬೇಕಿಲ್ಲ' ಎಂದರೆ ಅದು ನಿಮ್ಮನ್ನು ಸಾಗಹಾಕಿದಂತಲ್ಲ. ಆ ತೀರ್ಮಾನಕ್ಕೆ ಹುಣ್ಣು, ಸ್ರಾವ, ಯಾವ ರೀತಿಯ ಸಂಭೋಗ, ಎಷ್ಟು ಹೊತ್ತಾಯಿತು ಎಂಬ ವಿವರಗಳು ಬೇಕು. ಅವನ್ನು ಮುಚ್ಚಿಡಬೇಡಿ.

ಇಬ್ಬರೂ ಇವತ್ತೇ ಪರೀಕ್ಷೆ ಮಾಡಿಸಿಕೊಂಡರೆ ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ. ಅವಳ ಫಲಿತಾಂಶ ನೆಗೆಟಿವ್ ಬಂದು, ಹಿಂದಿನ ಮೂರು ತಿಂಗಳಲ್ಲಿ ಬೇರೆ ಅಪಾಯದ ಸಂದರ್ಭವೂ ಇಲ್ಲದಿದ್ದರೆ ನಿಮಗೆ ಔಷಧಿಯ ಅಗತ್ಯವಿಲ್ಲ, ಶುರು ಮಾಡಿದ್ದರೂ ವೈದ್ಯರು ನಿಲ್ಲಿಸುತ್ತಾರೆ. ಈ ಮಾತು ಅವಳ ಕಡೆಯಿಂದಲೂ ಅಷ್ಟೇ ನಿಜ. ಅವಳಿಗೆ ನಿಮ್ಮಿಂದ ತಗಲಿರಬಹುದಾದ ಸಾಧ್ಯತೆ, ನಿಮಗೆ ಅವಳಿಂದ ತಗಲಿರಬಹುದಾದ ಸಾಧ್ಯತೆಯ ಎರಡು ಪಟ್ಟು. ಫಲಿತಾಂಶ ತಡವಾಗುವಂತಿದ್ದರೆ ಮೊದಲ ಮಾತ್ರೆ ನುಂಗಿ ಆಮೇಲೆ ಕಾಯುವುದೇ ಸರಿಯಾದ ಕ್ರಮ.

ಅವಳಿಗೆ ಇನ್ನೊಂದು ಗಡಿಯಾರವೂ ಓಡುತ್ತಿದೆ. ನಿಮ್ಮ ಪ್ರಶ್ನೆಯಲ್ಲಿ ಗರ್ಭದ ಮಾತೇ ಇಲ್ಲ. ಅವಳು ಬೇರೆ ಗರ್ಭನಿರೋಧಕ ಬಳಸುತ್ತಿಲ್ಲವಾದರೆ ಈ ಘಟನೆಯಿಂದ ಆಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವುದು ಗರ್ಭಧಾರಣೆಗೇ. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ತುರ್ತು ಮಾತ್ರೆಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಆಮೇಲೆ ಅದರ ಬಲ ಕುಗ್ಗುತ್ತದೆ. ಉಲಿಪ್ರಿಸ್ಟಾಲ್ 30 ಮಿಲಿಗ್ರಾಂ ಮಾತ್ರೆ 120 ಗಂಟೆಯವರೆಗೂ ಕೆಲಸ ಮಾಡುತ್ತದೆ. ಐದು ದಿನದೊಳಗೆ ಹಾಕಿಸುವ ತಾಮ್ರದ ಕಾಪರ್-ಟಿ ಇವೆರಡಕ್ಕಿಂತಲೂ ಪರಿಣಾಮಕಾರಿ. ಮಾತ್ರೆ ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಡೋಸ್ ಬೇಕಾಗಬಹುದು, ಕೂಡಲೇ ಕೇಳಿ. ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ಈ ಮಾತ್ರೆ ಎಚ್‌ಐವಿಯನ್ನು ತಡೆಯುವುದಿಲ್ಲ, ಪೆಪ್ ಗರ್ಭವನ್ನು ತಡೆಯುವುದಿಲ್ಲ. ಎರಡೂ ಬೇಕಾದರೆ ಎರಡನ್ನೂ ತೆಗೆದುಕೊಳ್ಳಬಹುದು. ಈಗ ಸಾಮಾನ್ಯವಾಗಿ ಕೊಡುವ, ಡಾಲುಟೆಗ್ರಾವಿರ್ ಎಂಬ ಔಷಧಿ ಇರುವ ಪೆಪ್ ಈ ತುರ್ತು ಮಾತ್ರೆಯ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ.

ಹೋಗುವ ಮುನ್ನ ಮಾಡಬಾರದ ಒಂದು ಕೆಲಸವಿದೆ. ಗಾಬರಿಯಲ್ಲಿ ಯೋನಿಯೊಳಗೆ ನೀರು ಹಾಯಿಸುವುದು, ಸೋಪು, ಡೆಟಾಲ್, ನಿಂಬೆರಸ ಹಾಕಿ ಉಜ್ಜುವುದು. ಇದರಿಂದ ಲೋಳೆಪೊರೆ ಕೆರೆದು ಗಾಯವಾಗುತ್ತದೆ, ವೈರಸ್ಸಿಗೆ ದಾರಿ ಇನ್ನೂ ಸಲೀಸಾಗುತ್ತದೆ. ಹೊರಭಾಗವನ್ನು ನೀರು ಮತ್ತು ಸಾಮಾನ್ಯ ಸೋಪಿನಿಂದ ಮೆಲ್ಲಗೆ ತೊಳೆದುಕೊಂಡರೆ ಸಾಕು.

ಪೆಪ್ ಬರೆದುಕೊಟ್ಟರೆ ಸಾಮಾನ್ಯವಾಗಿ ದಿನಕ್ಕೊಂದೇ ಮಾತ್ರೆ. ಅದರಲ್ಲಿ ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡಾಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿರುತ್ತವೆ. ಮೊದಲೆರಡು ವೈರಸ್ ತನ್ನ ವಂಶವಾಹಿ ವಸ್ತುವಾದ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸುವ ಹಂತವನ್ನು ತಡೆಯುತ್ತವೆ, ಮೂರನೆಯದು ಆ ಡಿಎನ್‌ಎ ನಮ್ಮ ಕೋಶದ ವರ್ಣತಂತುವಿಗೆ ಹೆಣೆದುಕೊಳ್ಳುವುದನ್ನು ತಡೆಯುತ್ತದೆ. ಒಟ್ಟು 28 ದಿನ, ಒಂದು ದಿನವೂ ಬಿಡದೆ. ಶುರು ಮಾಡುವಾಗ ಮೂತ್ರಪಿಂಡದ ಕೆಲಸ ಹೇಗಿದೆ, ಹೆಪಟೈಟಿಸ್ ಬಿ ಇದೆಯೇ ಎಂದು ರಕ್ತದಲ್ಲಿ ನೋಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆ ಬಿಟ್ಟುಹೋಗಿದ್ದರೆ ನೀವೇ ಕೇಳಿ ಮಾಡಿಸಿ. ಈ ಮಾತ್ರೆಯ ಎರಡು ಔಷಧಿಗಳು ಆ ವೈರಸ್ಸನ್ನೂ ಅದುಮಿಡುತ್ತವೆ. ಒಳಗೆ ಗೊತ್ತಿಲ್ಲದೆ ಹೆಪಟೈಟಿಸ್ ಬಿ ಇರುವವರು 28 ದಿನದ ಬಳಿಕ ಮಾತ್ರೆ ನಿಲ್ಲಿಸಿದಾಗ ಅದು ಒಮ್ಮೆಲೇ ಕೆರಳಿ ಯಕೃತ್ತಿಗೆ ಪೆಟ್ಟು ಕೊಡಬಹುದು.

ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಗೆಡುವುದು ಇರಬಹುದು. ಬಹಳ ಜನರು ಮಾತ್ರೆ ಬಿಡುವುದು ಆ ವಾರದಲ್ಲೇ. ಅಷ್ಟರಲ್ಲಿ ಮೊದಲಿನ ಭಯವೂ ಇಳಿದಿರುತ್ತದೆ, 'ಇನ್ನು ಸಾಕು' ಅನಿಸುತ್ತದೆ. ಮೇಲೆ ಹೇಳಿದ ಕೋತಿಗಳಲ್ಲಿ 10 ದಿನಕ್ಕೆ ನಿಲ್ಲಿಸಿದವುಗಳ ಗತಿ ನೆನಪಿಡಿ. ನಿದ್ದೆ ಬರದಿದ್ದರೆ ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆಗೆ ಬದಲಿಸಿ, ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೊಳ್ಳಿ. ಮರೆತರೆ ನೆನಪಾದ ಕೂಡಲೇ ನುಂಗಿ, ಆದರೆ ಎರಡು ಒಟ್ಟಿಗೆ ಬೇಡ. ಎರಡು ದಿನ ತಪ್ಪಿದ್ದರೆ ವೈದ್ಯರಿಗೆ ಹೇಳದೆ ಮುಂದುವರಿಸಬೇಡಿ. ಎದೆಯುರಿಗೆ ನುಂಗುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್‌ಗಳು ಡಾಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಹೋಗಗೊಡುವುದಿಲ್ಲ. ಆಂಟಾಸಿಡ್ ಬೇಕೇಬೇಕೆಂದರೆ ಈ ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ತೆಗೆದುಕೊಳ್ಳಿ. ಆಂಟಾಸಿಡ್ಡನ್ನು ಮೊದಲೇ ನುಂಗಿದ್ದರೆ ಈ ಮಾತ್ರೆಗೆ ಆರು ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಿ.

ಇನ್ನು ಪರೀಕ್ಷೆ. ಇವತ್ತು ಮಾಡುವ ಪರೀಕ್ಷೆ ನಿನ್ನೆಯ ಬಗ್ಗೆ ಏನನ್ನೂ ಹೇಳದು. ಅದು ಹೇಳುವುದು ನಿನ್ನೆಗಿಂತ ಮೊದಲಿನ ಬದುಕಿನ ಬಗ್ಗೆ. ಆದರೂ ಅದು ಬೇಕು. ಮೊದಲೇ ಸೋಂಕಿದ್ದರೆ ಪೆಪ್ ಸಾಲದು, ಪೂರ್ಣ ಚಿಕಿತ್ಸೆಯೇ ಶುರುವಾಗಬೇಕು. ನಿನ್ನೆಯ ಬಗ್ಗೆ ತಿಳಿಯಲು ಪರೀಕ್ಷೆಯ ಬಗೆ ನೋಡಿ ಕಾಯಬೇಕು. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆ 10ರಿಂದ 33 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಪಿ24 ಎಂಬ ವೈರಸ್ ಪ್ರೋಟೀನು ಮತ್ತು ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯ ಎರಡನ್ನೂ ನೋಡುತ್ತದೆ, ಅದಕ್ಕೆ 18ರಿಂದ 45 ದಿನ. ಪ್ರತಿಕಾಯವನ್ನಷ್ಟೇ ನೋಡುವ ಬೆರಳ ತುದಿಯ ಕಿಟ್‌ಗಳಿಗೆ 23ರಿಂದ 90 ದಿನ. ಪೆಪ್ ತೆಗೆದುಕೊಂಡವರಲ್ಲಿ ಪ್ರತಿಕಾಯ ತಡವಾಗಿ ಕಾಣಬಹುದು. ಆದ್ದರಿಂದ 4ರಿಂದ 6 ವಾರದ ನಡುವೆ ಒಂದು ಸಲ, 12 ವಾರಕ್ಕೆ ಮತ್ತೊಂದು ಸಲ ಮಾಡಿಸಿ. ಮನೆಯಲ್ಲಿ ಕಿಟ್ ತಂದು ಮೂರನೇ ದಿನ, ಏಳನೇ ದಿನ, ಹತ್ತನೇ ದಿನ ಚುಚ್ಚಿಕೊಳ್ಳುವವರು ಬಹಳ. ಅಷ್ಟು ಬೇಗ ಬಂದ ನೆಗೆಟಿವ್‌ಗೆ ಬೆಲೆಯಿಲ್ಲ.

ಕಿಟ್ಟಿನ ಪಟ್ಟಿಯ (ಸ್ಟ್ರಿಪ್) ಫಲಿತಾಂಶ ಓದುವುದು ಸುಲಭ, ತಪ್ಪಾಗುವುದೂ ಸುಲಭ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ, ಹನಿಯೂ ಚೆನ್ನಾಗಿ ಮೂಡುತ್ತದೆ. ಹನಿ ಹಾಕಿ, ದ್ರಾವಣ ಬಿಟ್ಟು, ಸಮಯ ನೋಡಿಕೊಳ್ಳಿ. ಬಹಳಷ್ಟು ಕಿಟ್‌ಗಳಲ್ಲಿ 15ರಿಂದ 20 ನಿಮಿಷ, ನಿಮ್ಮ ಕಿಟ್ಟಿನ ಹಾಳೆ ಹೇಳಿದ್ದೇ ಅಂತಿಮ. 'ಸಿ' ಎಂಬಲ್ಲಿ ಗೆರೆ ಬಂದರೆ ಪಟ್ಟಿ ಕೆಲಸ ಮಾಡಿದೆ ಎಂದರ್ಥ. ಅಲ್ಲಿ ಗೆರೆಯಿಲ್ಲದಿದ್ದರೆ 'ಟಿ'ಯಲ್ಲಿ ಏನೇ ಕಂಡರೂ ಆ ಪಟ್ಟಿ ಕಸಕ್ಕೆ. 'ಟಿ'ಯಲ್ಲಿ ಗೆರೆ ಎಷ್ಟೇ ಮಸುಕಾಗಿದ್ದರೂ ಗೆರೆಯೇ. 'ತೆಳ್ಳಗಿದೆ, ಲೆಕ್ಕಕ್ಕಿಲ್ಲ' ಎಂದುಕೊಳ್ಳಬೇಡಿ. ಹೇಳಿದ ಸಮಯ ದಾಟಿದ ಮೇಲೆ, ಮರುದಿನ ಬೆಳಿಗ್ಗೆ ಕಸದ ಬುಟ್ಟಿಯಿಂದ ತೆಗೆದು ನೋಡಿ ಕಂಡ ಗೆರೆಯನ್ನು ಮಾತ್ರ ನಂಬಬೇಡಿ. ಸಮಯದೊಳಗೆ 'ಟಿ' ಗೆರೆ ಬಂದರೂ ಅದು ತೀರ್ಪಲ್ಲ, ಮುಂದಿನ ಪರೀಕ್ಷೆಗೆ ಹೋಗಬೇಕೆಂಬ ಸೂಚನೆ. ಬೇರೆ ಬೇರೆ ಬಗೆಯ ಎರಡು ಮೂರು ಪರೀಕ್ಷೆಗಳು ಒಂದೇ ಮಾತು ಹೇಳಿದ ಮೇಲೆಯೇ ಎಚ್‌ಐವಿ ಇದೆ ಎನ್ನುತ್ತಾರೆ.

ಪರೀಕ್ಷೆಗೆಂದು ರಕ್ತದಾನ ಶಿಬಿರಕ್ಕೆ ಹೋಗುವ ಯೋಚನೆ ಕೆಲವರಿಗೆ ಬರುತ್ತದೆ, ಬಿಟ್ಟಿ ಟೆಸ್ಟ್ ಆಯಿತಲ್ಲ ಎಂದು. ದಯವಿಟ್ಟು ಬೇಡ. ಸೋಂಕಿನ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಪರೀಕ್ಷೆ ಮಾತ್ರ ನೆಗೆಟಿವ್ ಎನ್ನಬಹುದು. ಆ ರಕ್ತ ಇನ್ನೊಬ್ಬರ ಮೈಗೆ ಹೋದರೆ ಸೋಂಕು ಖಚಿತ ಎನ್ನುವಷ್ಟು ಹತ್ತಿರ. ಅದೇ ಕಾರಣಕ್ಕೆ ಈ ಮೂರು ತಿಂಗಳು ತಪ್ಪದೆ ಕಾಂಡೋಮ್ ಬಳಸಿ.

ಲಕ್ಷಣ ನೋಡಿ ನಿರ್ಧರಿಸಲು ಹೋಗಬೇಡಿ. ಸೋಂಕಾದ ಎರಡರಿಂದ ನಾಲ್ಕು ವಾರಕ್ಕೆ ಹಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆಯಲ್ಲಿ ಗಂಟು ಬರುತ್ತವೆ, ಹಲವರಿಗೆ ಏನೂ ಬರುವುದಿಲ್ಲ. ಇವೇ ಲಕ್ಷಣಗಳು ಸಾಮಾನ್ಯ ವೈರಲ್ ಜ್ವರದಲ್ಲೂ ಬರುತ್ತವೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಲಕ್ಷಣ ಹುಡುಕಿ ನಿದ್ದೆಗೆಟ್ಟವನಿಗೆ ಮೈಬಿಸಿಯೂ ಜ್ವರವಾಗಿ ಕಾಣುತ್ತದೆ.

ಈಗ ಕಾಂಡೋಮಿನ ವಿಷಯ. ನಿಮ್ಮದು ಹರಿದದ್ದಕ್ಕೆ ಕಾರಣ ನೀವೇ ಬರೆದಿದ್ದೀರಿ. ಪರ್ಸಿನಲ್ಲಿ ಮೈಶಾಖ, ಬೆವರು, ಕೂತಾಗಲೆಲ್ಲ ಮಡಿಕೆ, ಉಜ್ಜಾಟ. ಆರೇಳು ತಿಂಗಳು ಹಾಗೆ ಇದ್ದರೆ ಲ್ಯಾಟೆಕ್ಸ್ ಸೊರಗುತ್ತದೆ, ಹೊದಿಕೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಜಾರುದ್ರವ ಆರುತ್ತದೆ. ಅದಕ್ಕೇ ನಿಮಗೆ ಒಣಗಿದಂತೆ ಅನಿಸಿದ್ದು. ಅದರ ಮೇಲೆ ಲೋಷನ್ ಬಿತ್ತು. ಲೋಷನ್, ವ್ಯಾಸಲೀನ್, ಬೇಬಿ ಆಯಿಲ್, ಕೊಬ್ಬರಿ ಎಣ್ಣೆ, ಕೋಲ್ಡ್ ಕ್ರೀಮ್ ಎಲ್ಲದರಲ್ಲೂ ಎಣ್ಣೆಯಂಶ ಇದೆ, ಎಣ್ಣೆ ಲ್ಯಾಟೆಕ್ಸಿನ ಎಳೆಗಳ ನಡುವೆ ಇಳಿದು ಅದನ್ನು ಸಡಿಲ ಮಾಡುತ್ತದೆ. ಖನಿಜ ತೈಲ ತಾಗಿದ ಲ್ಯಾಟೆಕ್ಸ್ ತನ್ನ ಬಲದ ಬಹುಪಾಲನ್ನು ಒಂದೇ ನಿಮಿಷದಲ್ಲಿ ಕಳೆದುಕೊಂಡದ್ದು ಪ್ರಯೋಗಗಳಲ್ಲಿ ಕಂಡಿದೆ. ನೋಡಲು ಮಾತ್ರ ಏನೂ ಆದಂತೆ ಕಾಣುವುದಿಲ್ಲ. ಜಾರುವಿಕೆಗೆ ನೀರಿನ ಅಥವಾ ಸಿಲಿಕೋನಿನ ಲೂಬ್ರಿಕಂಟ್ ಮಾತ್ರ ಬಳಸಿ. ನಾನಾಕ್ಸಿನಾಲ್-9 ಎಂಬ ವೀರ್ಯನಾಶಕ ಸೇರಿಸಿದ್ದನ್ನು ಕೊಳ್ಳಬೇಡಿ. ಅದು ಎಚ್‌ಐವಿಯನ್ನು ತಡೆಯುವುದಿಲ್ಲ, ಪದೇಪದೇ ಬಳಸಿದರೆ ಲೋಳೆಪೊರೆಯನ್ನು ಕೆರಳಿಸಿ ಅಪಾಯ ಹೆಚ್ಚಿಸುತ್ತದೆ.

ತೆರೆಯುವ ಮುನ್ನ ಅವಧಿ ಮುಗಿಯುವ ದಿನಾಂಕ ನೋಡಿ. ಆಮೇಲೆ ಪೊಟ್ಟಣವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಒಳಗೆ ಸಣ್ಣ ಗಾಳಿದಿಂಬು ಇದ್ದಂತೆ ಪುಟಿಯಬೇಕು. ಚಪ್ಪಟೆಯಾಗಿ ಕೂತರೆ ಎಲ್ಲೋ ತೂತಿದೆ, ಎಸೆಯಿರಿ. ಒಳಗಿನ ಉಂಗುರವನ್ನು ಬೆರಳಿನಿಂದ ಒಂದು ಬದಿಗೆ ಸರಿಸಿ, ಇನ್ನೊಂದು ಅಂಚಿನ ಹಲ್ಲುಗಳಿರುವಲ್ಲಿ ಕೈಯಿಂದಲೇ ಹರಿಯಿರಿ. ಬಾಯಿ, ಕತ್ತರಿ, ಉಗುರು ಬೇಡ. ಹೊರಬಂದದ್ದು ಅಂಟಂಟಾಗಿ ಅಥವಾ ಗಡುಸಾಗಿ ಇದ್ದರೆ ಅದನ್ನೂ ಬಿಡಿ. ಸುರುಳಿಯ ಅಂಚು ಹೊರಗಿರಬೇಕು, ಟೋಪಿಯ ಅಂಚಿನ ಹಾಗೆ. ಆಗ ಅದು ತಾನಾಗಿ ಕೆಳಗೆ ಬಿಡಿಸಿಕೊಳ್ಳುತ್ತದೆ. ತಿರುಗಾಮುರುಗಾ ಇಟ್ಟದ್ದು ತಿಳಿದರೆ ಮಗುಚಿ ಹಾಕಬೇಡಿ, ತುದಿಯ ದ್ರವ ಈಗಾಗಲೇ ಅದರ ಹೊರಮೈಗೆ ತಾಗಿರುತ್ತದೆ. ಹೊಸದನ್ನು ತೆಗೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ತುದಿಯಲ್ಲಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ತುದಿಯ ಚೀಲವನ್ನು ಹಿಂಡಿ ಗಾಳಿ ತೆಗೆದು, ಹಾಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬುಡದವರೆಗೆ ಬಿಡಿಸಬೇಕು. ಗಾಳಿ ಉಳಿದರೆ ಅದು ಒತ್ತಡಕ್ಕೆ ಸಿಕ್ಕಿ ವೀರ್ಯ ನಿಲ್ಲಬೇಕಾದ ಜಾಗವನ್ನೇ ಸೀಳುತ್ತದೆ. ಲೂಬ್ರಿಕಂಟ್ ಹೊರಗೆ ಧಾರಾಳವಾಗಿ ಹಚ್ಚಿ. ಒಳತುದಿಗೆ ಒಂದೆರಡು ಹನಿ ಸಾಕು, ಹೆಚ್ಚಾದರೆ ಜಾರಿ ಹೊರಬರುತ್ತದೆ. ನಡುವೆ ಒಣಗಿದರೆ ನಿಲ್ಲಿಸಿ ಮತ್ತೆ ಹಚ್ಚಿ, ಒಣ ಉಜ್ಜಾಟವೇ ಹರಿಯಲು ದೊಡ್ಡ ಕಾರಣ. ಸ್ಖಲನವಾದ ಮೇಲೆ ಅಲ್ಲೇ ಮಲಗಿಬಿಡಬೇಡಿ. ಶಿಶ್ನ ಮೆತ್ತಗಾಗುವ ಮುನ್ನವೇ ಬುಡದ ಉಂಗುರವನ್ನು ಹಿಡಿದು ಹೊರತೆಗೆಯಿರಿ. ಗಂಟು ಹಾಕಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಶೌಚಾಲಯಕ್ಕಲ್ಲ. ಪ್ರತಿ ಸಲಕ್ಕೂ ಹೊಸದು. ಗುದದಿಂದ ಯೋನಿಗೆ ಬದಲಿಸುವಾಗಲೂ ಹೊಸದು. ಒಂದರ ಮೇಲೊಂದು ಎರಡು ಹಾಕಿದರೆ ಡಬಲ್ ರಕ್ಷಣೆ ಎಂದು ನಂಬಿದವರಿದ್ದಾರೆ. ಎರಡೂ ಒಂದಕ್ಕೊಂದು ಉಜ್ಜಿ ಹರಿಯುತ್ತವೆ ಅಥವಾ ಜಾರುತ್ತವೆ. ಹೆಣ್ಣಿನ ಕಾಂಡೋಮ್ ಜೊತೆಗೂ ಹೀಗೇ, ಒಂದು ಸಲಕ್ಕೆ ಯಾವುದಾದರೂ ಒಂದು.

ಅಳತೆಯನ್ನು ಯಾರೂ ನೋಡುವುದಿಲ್ಲ. ಪೊಟ್ಟಣದ ಮೇಲೆ 49, 52, 54, 56 ಎಂದು ಮಿಲಿಮೀಟರಿನಲ್ಲಿ ಇರುವುದು ಚಪ್ಪಟೆಯಾಗಿ ಇಟ್ಟಾಗಿನ ಅಗಲ. ಬುಡದಲ್ಲಿ ಬಿಳಿ ಗೆರೆ ಮೂಡುವಷ್ಟು ಬಿಗಿಯಾಗಿದ್ದು, ಪೂರ್ತಿ ಬಿಡಿಸಲು ಆಗದಿದ್ದರೆ ಒಂದು ಅಳತೆ ದೊಡ್ಡದು ನೋಡಿ. ಸುಕ್ಕುಗಟ್ಟಿ ಓಡಾಡುತ್ತಿದ್ದರೆ ಚಿಕ್ಕದು. ಒಬ್ಬರೇ ಇರುವಾಗ ಎರಡು ಮೂರು ಕಾಂಡೋಮುಗಳನ್ನು ಹಾಕಿ ತೆಗೆದು ಅಭ್ಯಾಸ ಮಾಡಿ. ಕತ್ತಲಲ್ಲಿ, ಆತುರದಲ್ಲಿ, ಕುಡಿದಾಗ ಮೊದಲ ಬಾರಿಗೆ ಕಲಿಯಬಾರದ ಕೆಲಸ ಇದು.

ಎಚ್‌ಐವಿಯ ಭಯದಲ್ಲಿ ಉಳಿದ ಲೈಂಗಿಕ ಸೋಂಕುಗಳು ಮರೆತುಹೋಗುತ್ತವೆ. ಕ್ಲಮೈಡಿಯಾ, ಗೊನೊರಿಯಾ ಎಷ್ಟೋ ಜನರಲ್ಲಿ ಲಕ್ಷಣವೇ ತೋರಿಸದೆ ಇರುತ್ತವೆ. ಹೆಣ್ಣಿನಲ್ಲಿ ಕ್ಲಮೈಡಿಯಾ ಹಾಗೇ ಉಳಿದರೆ ಗರ್ಭನಾಳಕ್ಕೆ ಹಾನಿಯಾಗಿ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ಎರಡು ವಾರದ ಬಳಿಕ ಮೂತ್ರ ಅಥವಾ ಸ್ವಾಬ್ ಪರೀಕ್ಷೆ, ಆರು ವಾರಕ್ಕೂ 12 ವಾರಕ್ಕೂ ಎಚ್‌ಐವಿ ಜೊತೆಯಲ್ಲೇ ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಬೇಡಿ. ಅರ್ಧಂಬರ್ಧ ಔಷಧಿ ರೋಗವನ್ನು ಮರೆಮಾಡುತ್ತದೆ. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಲಸಿಕೆ ಆಗಿಲ್ಲದಿದ್ದರೆ ಇದೇ ಭೇಟಿಯಲ್ಲಿ ಕೇಳಿ.

ಮುಂದಿನ ದಿನಗಳಿಗೆ ಕಾಂಡೋಮಿನ ಜೊತೆ ಇನ್ನೊಂದು ದಾರಿಯೂ ಇದೆ. ಪೆಪ್ ಬೆಂಕಿ ಬಿದ್ದ ಮೇಲಿನ ನೀರಾದರೆ, 'ಪ್ರೆಪ್' ಮೊದಲೇ ತೆಗೆದುಕೊಳ್ಳುವ ತಡೆಮದ್ದು. ಸೋಂಕಿಲ್ಲದವರು ಟೆನೊಫೋವಿರ್ ಮತ್ತು ಎಮ್ಟ್ರಿಸಿಟಾಬಿನ್ ಇರುವ ಮಾತ್ರೆಯನ್ನು ದಿನಾ ತೆಗೆದುಕೊಂಡರೆ ಎಚ್‌ಐವಿ ತಗಲುವುದಿಲ್ಲ ಎನ್ನುವಷ್ಟು ರಕ್ಷಣೆ ಸಿಗುತ್ತದೆ. ಗುದದ ಅಂಗಾಂಶದಲ್ಲಿ ಸುಮಾರು 7 ದಿನಕ್ಕೆ, ಯೋನಿಯಲ್ಲಿ ಸುಮಾರು 21 ದಿನಕ್ಕೆ ಆ ರಕ್ಷಣೆ ಪೂರ್ಣವಾಗುತ್ತದೆ. ಅಮೆರಿಕದಲ್ಲಿ 2012ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಯುವಜನರಲ್ಲಿ ಇದು ಸೋತದ್ದು ಒಂದೇ ಕಡೆ, ದಿನಾ ಮಾತ್ರೆ ನುಂಗುವುದರಲ್ಲಿ. ಯಾರಾದರೂ ಡಬ್ಬಿ ನೋಡಿದರೆ ಎಂಬ ಅಳುಕು, ಮರೆವು. ಅದಕ್ಕೇ ಚುಚ್ಚುಮದ್ದುಗಳು ಬಂದವು. ಕ್ಯಾಬೊಟೆಗ್ರಾವಿರ್ ಎರಡು ತಿಂಗಳಿಗೊಮ್ಮೆ, ಲೆನಾಕಪಾವಿರ್ ಆರು ತಿಂಗಳಿಗೊಮ್ಮೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ 16ರಿಂದ 25 ವರ್ಷದ ಯುವತಿಯರ ಮೇಲೆ ನಡೆದ ಪರ್ಪಸ್ 1 ಪ್ರಯೋಗದಲ್ಲಿ ಲೆನಾಕಪಾವಿರ್ ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ಆಗಲಿಲ್ಲ. ಫಲಿತಾಂಶ 2024ರಲ್ಲಿ ಹೊರಬಂತು, 2025ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಎರಡನೇ ಸಲವೂ ಪೆಪ್ ಕೇಳಿಕೊಂಡು ಹೋಗುವ ಸ್ಥಿತಿ ಬಂದರೆ ಆಗ ಪ್ರೆಪ್ ಬಗ್ಗೆ ಕೇಳಿ.

ಒಂದು ವೇಳೆ ಇಬ್ಬರಲ್ಲಿ ಒಬ್ಬರ ಪರೀಕ್ಷೆ ಪಾಸಿಟಿವ್ ಎಂದೇ ಬಂದರೆ? ಅದು ಜಗಳಕ್ಕೆ, ಯಾರಿಂದ ಬಂತೆಂಬ ಪಂಚಾಯ್ತಿಗೆ ಹೊತ್ತಲ್ಲ. ಚಿಕಿತ್ಸೆ ದಿನಕ್ಕೊಂದು ಮಾತ್ರೆ. ಬೇಗ ಶುರು ಮಾಡಿ ಬಿಡದೆ ತೆಗೆದುಕೊಂಡವರು ಉಳಿದವರಷ್ಟೇ ಕಾಲ ಬಾಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಅವರಿಂದ ಲೈಂಗಿಕವಾಗಿ ಸೋಂಕು ಹರಡುವುದೇ ಇಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ 2 ಅಧ್ಯಯನದಲ್ಲಿ, ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಪುರುಷ ಜೋಡಿಗಳು ಸುಮಾರು 76,000 ಸಲ ಕಾಂಡೋಮ್ ಇಲ್ಲದೆ ಸೇರಿದ್ದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ತಗಲಲಿಲ್ಲ.

ಗೆಳತಿಯ ಜೊತೆ ಮಾತು ಶುರು ಮಾಡುವಾಗ 'ನಿನಗೇನಾದರೂ ಇದೆಯಾ' ಎಂದು ಕೇಳಬೇಡಿ. ಅದು ಆರೋಪವಾಗಿ ಕೇಳಿಸುತ್ತದೆ, ಉತ್ತರವೂ ಅವಳಿಗೆ ಗೊತ್ತಿರುವುದಿಲ್ಲ. 'ಇಬ್ಬರೂ ಇದುವರೆಗೆ ಟೆಸ್ಟ್ ಮಾಡಿಸಿಲ್ಲ, ಇವತ್ತು ಒಟ್ಟಿಗೆ ಮಾಡಿಸೋಣ, ನಿನ್ನ ತುರ್ತು ಮಾತ್ರೆಯನ್ನೂ ಅಲ್ಲೇ ಕೇಳೋಣ' ಎನ್ನಿ. ಅವಳು ಒಪ್ಪದಿದ್ದರೆ ಒತ್ತಾಯ ಬೇಡ, ನೀವು ಹೊರಡಿ. ಮಾತ್ರೆಯ ಗಡುವನ್ನು ಮಾತ್ರ ಅವಳಿಗೆ ಹೇಳಿಯೇ ಹೊರಡಿ.

ಇದೇ ಸ್ಥಿತಿಯಲ್ಲಿರುವ ಬೇರೆಯವರು ಓದುವ ಹೊತ್ತಿಗೆ 72 ಗಂಟೆ ದಾಟಿದ್ದರೆ ಪೆಪ್ ಸಾಮಾನ್ಯವಾಗಿ ಕೊಡುವುದಿಲ್ಲ. ಆಗಲೂ ಇವತ್ತೊಂದು ಪರೀಕ್ಷೆ, 45ನೇ ದಿನ ಪ್ರಯೋಗಾಲಯದ ನಾಲ್ಕನೇ ತಲೆಮಾರಿನ ಪರೀಕ್ಷೆ, ಕಿಟ್ ಮಾತ್ರ ಸಿಗುವುದಾದರೆ 90ನೇ ದಿನ. ಗರ್ಭದ ಭಯವಿರುವವರಿಗೆ 120 ಗಂಟೆಯವರೆಗೆ ದಾರಿ ತೆರೆದಿದೆ. ನಡುವೆ, ಎರಡರಿಂದ ನಾಲ್ಕನೇ ವಾರದಲ್ಲಿ ಜ್ವರ, ದದ್ದು, ಗಂಟಲು ನೋವು ಬಂದರೆ ವೈದ್ಯರಿಗೆ 'ಇಂಥ ದಿನ ಹೀಗಾಗಿತ್ತು' ಎಂದು ದಿನಾಂಕ ಸಮೇತ ಹೇಳಿ ಆರ್‌ಎನ್‌ಎ ಪರೀಕ್ಷೆ ಕೇಳಿ. ಆ ದಿನಾಂಕವನ್ನೂ 45, 90ನೇ ದಿನಗಳನ್ನೂ ಈಗಲೇ ಮೊಬೈಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.